ಬಳ್ಳಿಗೆ ಹೇಳಿದ ಪಥ್ಯ

ನೀವು ಗೆಲ್ಲಲೆಂದೇ ಆಡಿದ ಮಾತನ್ನು ಇನ್ನೊಬ್ಬ ಮನುಷ್ಯ ನಂಬಿ, ಅದರ ಮೇಲೆ ತನ್ನ ಕಾಲನ್ನೇ ಪಣವಿಟ್ಟರೆ, ಆ ಕಾಲಿನ ಹೊಣೆ ಯಾರದು?

ಈ ಪ್ರಶ್ನೆ ನನ್ನನ್ನು ಹಿಡಿದದ್ದು ದಾವಣಗೆರೆಯಲ್ಲಿ, ನವರಾತ್ರಿ ಮುಗಿದ ನಾಲ್ಕನೆಯ ದಿನ, ಬೆಳಗಿನ ಏಳು ಗಂಟೆಗೆ. ಪತ್ರಿಕೆ ತರಲು ಹೊರಟವನನ್ನು ನಮ್ಮ ಬೀದಿಯ ಡಾಕ್ಟರು ತಮ್ಮ ದವಾಖಾನೆಯ ಬಾಗಿಲಿನಿಂದಲೇ ಕೂಗಿ ಕರೆದರು. ಅವರ ಧ್ವನಿಯಲ್ಲಿ ಎಂದಿನ ಸ್ನೇಹವಿರಲಿಲ್ಲ.

"ಹತ್ತಿ ಗಿರಣಿಯ ಹನುಮಂತಪ್ಪ ಗೊತ್ತಲ್ಲ? ಎರಡು ಸೂಜಿ ಹಾಕಿಸಿಕೊಂಡ, ಮೂರನೇ ದಿನ ಬರಲೇ ಇಲ್ಲ. ಹೆಂಡತಿಯ ಊರು ಗುತ್ತೂರಿಗೆ ಹೋಗಿದ್ದಾನಂತೆ. ಯಾಕೆ ಬಿಟ್ಟ ಅಂತ ವಿಚಾರಿಸಿದೆ. ನಿಮ್ಮ ಭಾಷಣ ಕೇಳಿ ಬಿಟ್ಟನಂತೆ."

ಆ ಭಾಷಣದ ಚರಿತ್ರೆಯನ್ನು ಮುಚ್ಚಿಡದೆ ಹೇಳಬೇಕು. ಎರಡು ತಿಂಗಳ ಹಿಂದೆ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳಿಗೆ ಒಂದು ಚರ್ಚಾಸ್ಪರ್ಧೆ ನಡೆಯಿತು. ವಿಷಯ, 'ನಮ್ಮ ಗಿಡಮೂಲಿಕೆಯೇ ನಮಗೆ ಸಾಕು'. ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು ಅಲ್ಲಿನ ಪದ್ಧತಿ. ನನಗೆ 'ಪರ' ಎಂಬ ಚೀಟಿ ಬಂತು. ವಿರೋಧದ ಚೀಟಿ ಬಂದಿದ್ದರೂ ಅಷ್ಟೇ ಆವೇಶದಿಂದ ಮಾತನಾಡುತ್ತಿದ್ದೆ. ಗೆದ್ದೆ. ಗೆದ್ದ ಅಮಲಿನಲ್ಲಿ, ಅದೇ ಭಾಷಣವನ್ನು ಗಿರಣಿಯ ಹಿಂದಿನ ವಾಚನಾಲಯದಲ್ಲಿ ಕೂಲಿಗಾರರ ಮುಂದೆ ಇನ್ನೊಮ್ಮೆ ಮಾಡಿದೆ. "ಅಮೃತಬಳ್ಳಿಯ ರಸದ ಮುಂದೆ ಯಾವ ರೋಗಾಣುವೂ ಒಂದು ಗಳಿಗೆ ನಿಲ್ಲಲಾರದು. ಹೀಗಿರುವಾಗ ಪರದೇಶದ ಸೂಜಿಗೆ ನಾವೇಕೆ ತೋಳು ಒಡ್ಡಬೇಕು?" ಎಂದೆ. ಚಪ್ಪಾಳೆ ಬಿತ್ತು. ಇದು ಚೀಟಿಯಲ್ಲಿ ಬಂದ ಪಕ್ಷವೆಂದು ಅವರಿಗೆ ಹೇಳುವುದು ನನಗೆ ತೋಚಲೇ ಇಲ್ಲ. ಮುಂದಿನ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಇದೇ ಹನುಮಂತಪ್ಪ. ಮಗ್ಗದ ಕಬ್ಬಿಣದ ಪಟ್ಟಿ ಬಿದ್ದು ಅವನ ಪಾದದ ಗೆಣ್ಣು ಸೀಳಿದ್ದು ಆಮೇಲಿನ ಮಾತು.

ಡಾಕ್ಟರು ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಗಾಜಿನ ಪಟ್ಟಿಯ ಮೇಲೆ ಹನುಮಂತಪ್ಪನ ಗಾಯದ ಕೀವು ಇತ್ತು, ನೀಲಿ ಬಣ್ಣ ಹಾಕಿದ್ದು. ದುಂಡನೆಯ ದೊಡ್ಡ ಕಣಗಳು ಕಂಡವು. ಕೆಲವುಗಳ ಹೊಟ್ಟೆಯಲ್ಲಿ ಮಣಿ ಪೋಣಿಸಿದಂತೆ ಸಣ್ಣ ಚುಕ್ಕೆಗಳ ಸರವಿತ್ತು.

"ದೊಡ್ಡವು ನಮ್ಮ ಬಿಳಿರಕ್ತಕಣ. ಚುಕ್ಕೆಗಳು ರೋಗಾಣು. ನುಂಗಿವೆ ನೋಡಿ. ಕೀವು ಅಂದರೆ ಬರೀ ಹೊಲಸು ಅಂತ ತಿಳಿದಿದ್ದೀರಿ. ಹೋರಾಡಿ ಸತ್ತ ಸಿಪಾಯಿಗಳ ರಾಶಿ ಅದು."

"ಅಮೃತಬಳ್ಳಿ ಇವನ್ನು ಕೊಲ್ಲುವುದಿಲ್ಲವೇ?" ಎಂದು ಕೇಳಿದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು.

"ಓದುವಾಗ ಒಂದು ಸಲ ಕುತೂಹಲಕ್ಕೆ ರೋಗಾಣು ಬೆಳೆಸಿದ ತಟ್ಟೆಗೆ ಅದರ ರಸ ಬಿಟ್ಟು ನೋಡಿದ್ದೆ. ಅವು ಸುಖವಾಗಿ ಬೆಳೆದವು. ಹಾಗಂತ ಬಳ್ಳಿ ನಿಷ್ಪ್ರಯೋಜಕ ಅಂತಲೂ ಹೇಳಲಾರೆ. ತಟ್ಟೆಯಲ್ಲಿ ರಕ್ತವಿಲ್ಲ, ಸಿಪಾಯಿಗಳಿಲ್ಲ. ಆ ಕಹಿಯಲ್ಲಿರುವ ಯಾವುದೋ ಒಂದು ಪದಾರ್ಥ ಮೈಯೊಳಗಿನ ಸಿಪಾಯಿಗಳನ್ನು ಎಬ್ಬಿಸುತ್ತದೋ ಏನೋ. ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟೇ. ಈ ಜಾತಿಯ ರೋಗಾಣು ಪೆನಿಸಿಲಿನ್‌ಗೆ ಸಾಯುತ್ತದೆ. ಅರ್ಧಕ್ಕೆ ಬಿಟ್ಟರೆ ಉಳಿದವು ಮೇಲೇರುತ್ತವೆ."

ಹರಿಹರದ ಆಸ್ಪತ್ರೆಯ ಡಾಕ್ಟರಿಗೆ ಒಂದು ಚೀಟಿ ಬರೆದುಕೊಟ್ಟರು. ಹೊರಗೆ ಬೆಂಚಿನ ತುಂಬ ರೋಗಿಗಳಿದ್ದರು, ಡಾಕ್ಟರು ತಾವೇ ಬರುವಂತಿರಲಿಲ್ಲ. "ಗಾಯದ ಮೇಲೆ ಕೆಂಪು ಎಲ್ಲಿಯವರೆಗೆ ಏರಿದೆಯೋ ಅಲ್ಲಿ ಶಾಯಿಯಿಂದ ಒಂದು ಗೆರೆ ಎಳೆಯಿರಿ. ಕೆಂಪು ಆ ಗೆರೆ ದಾಟಿತೆಂದರೆ ಒಂದು ಗಳಿಗೆಯೂ ಕಾಯಬೇಡಿ. ನಿಮ್ಮ ಪೆನ್ನು ಒಂದು ಒಳ್ಳೆಯ ಕೆಲಸ ಮಾಡಲಿ" ಎಂದರು.

ಮನೆಗೆ ಹೋಗಿ ಹೇಳಿಬರುವಷ್ಟು ವ್ಯವಧಾನವೂ ನನಗಿರಲಿಲ್ಲ. ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ ಕಟ್ಟಿಸಿಕೊಂಡೆ. ಅದನ್ನು ಬಿಚ್ಚಿದ್ದು ಮರುದಿನ. ಮೂರನೆಯ ದರ್ಜೆಯ ಟಿಕೆಟ್ಟಿಗೆ ಐದಾಣೆ. ಪ್ಯಾಸೆಂಜರ್ ಗಾಡಿ ಮುಕ್ಕಾಲು ಗಂಟೆ ತಡ. ಪ್ಲಾಟ್‌ಫಾರಂ ಮೇಲೆ ಹತ್ತಿಯ ಅಂಡಿಗೆಗಳ ನಡುವೆ ಆ ತುದಿಯಿಂದ ಈ ತುದಿಗೆ ಎಷ್ಟು ಸಲ ನಡೆದೆನೋ ಲೆಕ್ಕವಿಲ್ಲ. ಪ್ರತಿ ತಿರುವಿನಲ್ಲೂ ಹನುಮಂತಪ್ಪನ ಮುಂದೆ ಆಡಬೇಕಾದ ಮಾತನ್ನು ಜೋಡಿಸುತ್ತಿದ್ದೆ: ಮೊದಲನೆಯದಾಗಿ, ಎರಡನೆಯದಾಗಿ, ಕೊನೆಯದಾಗಿ. ಅಭ್ಯಾಸಬಲ ಎಂಥದು ನೋಡಿ, ರೋಗಿಯ ಬಳಿಗೆ ಹೊರಟವನು ವೇದಿಕೆಗೆ ಹೊರಟವನಂತೆ ಸಿದ್ಧನಾಗುತ್ತಿದ್ದೆ.

ದಾವಣಗೆರೆಯಿಂದ ಹರಿಹರ ಸುಮಾರು ಒಂಬತ್ತು ಮೈಲಿ. ಇಕ್ಕೆಲಗಳಲ್ಲಿ ಜೋಳ ಎದೆಯೆತ್ತರಕ್ಕೆ ನಿಂತಿತ್ತು. ಹಿಂದಿನ ದಿನದ ಮಳೆಗೆ ಎರೆಭೂಮಿ ಇನ್ನೂ ಹಸಿಯಾಗಿದ್ದು, ಬಿಸಿಲಿಗೆ ಹಬೆಯಾಡುತ್ತಿತ್ತು. ಬೇರೆ ದಿನವಾಗಿದ್ದರೆ ಕಣ್ತುಂಬ ನೋಡುತ್ತಿದ್ದೆ. ಆ ದಿನ ಗಾಡಿ ಸಿಗ್ನಲ್ ಕಾಯುತ್ತ ಹೊಲದ ನಡುವೆ ನಿಂತಾಗ ಇಳಿದು ನಡೆದುಬಿಡಲೇ ಎನ್ನಿಸಿತು.

ಹರಿಹರ ಸ್ಟೇಷನ್ನಿನಲ್ಲಿ ಇಳಿದಾಗ ಹನ್ನೊಂದು ಹೊಡೆದಿತ್ತು. ಗುತ್ತೂರಿಗೆ ಜಟಕಾ ಗೊತ್ತು ಮಾಡಿದೆ. ಜಟಕಾದ ಬುಡನ್ ಸಾಬರು ಎಂಟಾಣೆ ಕೇಳಿದರು; ಚೌಕಾಸಿ ಮಾಡದೆ ಹತ್ತಿದ್ದರಿಂದ ಅವರಿಗೆ ಅನುಮಾನ ಬಂತು.

"ಕುದುರೆಗಿಂತ ನೀವೇ ಮುಂದೆ ಓಡೋ ಹಂಗೆ ಕುಂತೀರಲ್ಲ ಸ್ವಾಮಿ. ಹೆಣ್ಣು ನೋಡಾಕ ಹೊಂಟೀರೇನು?"

"ಕಾಲು ನೋಡಲು" ಎಂದೆ.

"ಅಲ್ಲಾ! ಮಾರಿ ನೋಡೋದು ಬಿಟ್ಟು ಕಾಲು ನೋಡೋ ಗಂಡು ಈಗಲೇ ಕಂಡೆ ನಾನು" ಎಂದು ಅವರು ಕುದುರೆಗೆ ಹೇಳಿದರು.

ನಗಲಾಗಲಿಲ್ಲ. ದಾರಿಯುದ್ದಕ್ಕೂ ಸಂಗತಿಯನ್ನು ವಿವರಿಸಿದೆ.  ಎಲ್ಲ ಕೇಳಿ ಅವರು ಚಾವಟಿ ತೆಗೆದು, "ಹಂಗಾರೆ ಜಲ್ದಿ ನಡೀಲಿ. ನಾನು ಅಲ್ಲೇ ನಿಂತಿರ್ತೀನಿ, ವಾಪಸ್ ಬೇಕಾಗ್ತೈತೆ" ಎಂದರು.

ಹನುಮಂತಪ್ಪ ಮಾವನ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದ. ಕಣ್ಣು ಜ್ವರದಿಂದ ಹೊಳೆಯುತ್ತಿತ್ತು. ನನ್ನನ್ನು ಕಂಡೊಡನೆ ಮೊಣಕೈ ಊರಿ ಏಳಲು ನೋಡಿದ.

"ಬರ್ರಿ ಮೇಷ್ಟ್ರೇ, ಬರ್ರಿ, ಕೂಡ್ರಿ! ನೀವು ಹೇಳಿದಂಗೇ ನಡೆದೀನಿ ನೋಡ್ರಿ. ಸೂಜಿ ಬಿಟ್ಟೆ. ಬಳ್ಳಿ ರಸ ಹಿಡಿದೀನಿ."

ಅವನು ನನ್ನ ಮೇಲೆ ಕೋಪಗೊಂಡಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆ ಹೆಮ್ಮೆಯನ್ನು ಸಹಿಸುವುದು ಕಷ್ಟವಾಯಿತು. ಪಾದ ಊದಿ ಗೆಣ್ಣು ಕಾಣದಂತಾಗಿತ್ತು. ಅಲ್ಲಿಂದ ಒಂದು ಕೆಂಪು ಪಟ್ಟೆ ಮೀನಖಂಡದ ಒಳಮೈಯಲ್ಲಿ ಅರ್ಧದವರೆಗೆ ಏರಿತ್ತು. ಪೆನ್ನು ತೆಗೆದು ಅದರ ತುದಿಗೆ ಅಡ್ಡಗೆರೆ ಎಳೆದೆ.

"ಏನಿದು, ಗಡಿ ಕಲ್ಲಾ?" ಎಂದು ನಕ್ಕ.

ಒಳಗಿನಿಂದ ಅವನ ಹೆಂಡತಿ ಕೆಂಚಮ್ಮ ಹಿಟ್ಟಿನ ಕೈಯಲ್ಲೇ ಬಂದಳು. "ನೀವೇನಾ ಆ ಭಾಷಣದ ಮೇಷ್ಟ್ರು?"

ಹೌದೆಂದು ಒಪ್ಪಿಕೊಂಡೆ, ಸೂಜಿ ಬಿಟ್ಟದ್ದು ತಪ್ಪಾಯಿತೆಂದೂ, ಈಗಲೇ ಹರಿಹರದ ಆಸ್ಪತ್ರೆಗೆ ಹೊರಡಬೇಕೆಂದೂ ಹೇಳಿದೆ. ಅವಳು ನನ್ನನ್ನು ತಲೆಯಿಂದ ಪಾದದವರೆಗೆ ನೋಡಿದಳು.

"ಬಿಡು ಅಂದೋರೂ ನೀವೇ, ಹಿಡಿ ಅನ್ನೋರೂ ನೀವೇ. ಯಾವ ಬಾಯಿ ನಂಬಬೇಕ್ರಿ ನಾವು?"

 ಉತ್ತರವಾಗಿ ಪ್ಲಾಟ್‌ಫಾರಂ ಮೇಲೆ ಸಿದ್ಧಪಡಿಸಿದ ವಾದವನ್ನು ಮೂರೂ ಭಾಗಗಳಲ್ಲಿ ಮಂಡಿಸಿದೆ. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಬಣ್ಣಿಸಿದೆ. ಹನುಮಂತಪ್ಪ ಕೊನೆಯವರೆಗೂ ಮರ್ಯಾದೆಯಿಂದ ಕೇಳಿ, "ಅವತ್ತಿನ ಭಾಷಣನೇ ಚೆಂದಿತ್ತು ಮೇಷ್ಟ್ರೇ" ಎಂದ. ಆಮೇಲೆ ದನಿ ತಗ್ಗಿಸಿ, "ನೀವು ಹೇಳೋದು ಖರೇನೇ ಇರಬಹುದು. ಆದ್ರೆ ಈಗ ಸೂಜಿ ಆಗಂಗಿಲ್ಲ. ಮದ್ದು ಕೊಡೋ ತಿಪ್ಪಜ್ಜಿ ಪಥ್ಯ ಹೇಳ್ಯಾಳೆ. ಕಬ್ಬಿಣ ತಾಕಬಾರ್ದು ಅಂದಾಳೆ. ಸೂಜಿ ಕಬ್ಬಿಣ ಅಲ್ಲೇನ್ರಿ?" ಎಂದು ಕೇಳಿದ.

ಆಗ ಸುತ್ತ ಕಣ್ಣಾಡಿಸಿದೆ. ಆ ಮನೆಯಲ್ಲಿ ಪಥ್ಯ ಎಷ್ಟು ಕಟ್ಟುನಿಟ್ಟಾಗಿ ನಡೆದಿತ್ತೆಂದರೆ, ಕಬ್ಬಿಣದ ಮಂಚವನ್ನು ಹಿತ್ತಲಿಗೆ ಹಾಕಿದ್ದರು. ಅವನ ಉಡಿದಾರದ ಬೀಗದಕೈ ಬಿಚ್ಚಿ ಗೂಟಕ್ಕೆ ತೂಗಿಸಿದ್ದರು. ಕ್ಷೌರದ ಕತ್ತಿ ತಾಕೀತೆಂದು ಗಡ್ಡ ಬೆಳೆದಿತ್ತು. ರೊಟ್ಟಿ ಸುಡುವ ಕಬ್ಬಿಣದ ಹಂಚನ್ನೂ ಬದಿಗಿಟ್ಟು ಮಣ್ಣಿನ ಹಂಚು ತಂದಿದ್ದರು.

"ಅಜ್ಜಿ ಮಾತು ಮೀರಿದ್ರೆ ಮದ್ದು ಮೈಗೆ ತಿರುಗಿ ಬೀಳ್ತದೆ. ಅಜ್ಜಿ ಬಿಡಿಸಿದ್ರೆ ಮಾತ್ರ ಬಿಡ್ತೀನಿ" ಎಂದು ಕಣ್ಣು ಮುಚ್ಚಿದ.

ತಿಪ್ಪಜ್ಜಿ ಕೆಂಚಮ್ಮನ ತಾಯಿಯ ತಾಯಿ. ಗುತ್ತೂರಿನ ಸುತ್ತ ಗಾಯಕ್ಕೂ ಜ್ವರಕ್ಕೂ ಸೊಪ್ಪು ಕೊಡುವವಳು. ಬಳ್ಳಿ ತರಲು ಬೆಳಗ್ಗೆಯೇ ಹೊಳೆಯ ದಂಡೆಗೆ ಹೋಗಿದ್ದಳು. ಹೊತ್ತು ಇಳಿದ ಮೇಲೆ ಬರುವುದು ವಾಡಿಕೆ. ಮತ್ತೊಮ್ಮೆ ಕಾಲನ್ನು ನೋಡಿದೆ. ನಾನು ವಾದ ಮಂಡಿಸುತ್ತಿದ್ದಷ್ಟು ಹೊತ್ತಿನಲ್ಲಿ ಕೆಂಪು ನನ್ನ ಗೆರೆಯನ್ನು ಮುಟ್ಟಿ, ಒಂದು ಉಗುರಿನಷ್ಟು ದಾಟಿತ್ತು. ಕೆಂಚಮ್ಮನೂ ನೋಡಿದಳು. ಅವಳ ಕೈ ಹಿಟ್ಟಿನೊಂದಿಗೆ ಸೆರಗನ್ನು ಹಿಡಿದುಕೊಂಡಿತು.

"ದೊಡ್ಡ ಬೇವಿನ ಮರದ ಹತ್ರ ಇರ್ತಾಳೆ. ಓಡ್ರಿ ಮೇಷ್ಟ್ರೇ" ಎಂದಳು.

ಬುಡನ್ ಸಾಬರು ಹೊಳೆಯ ದಾರಿ ಬಲ್ಲವರು. ತುಂಗಭದ್ರೆ ಮಳೆಗಾಲದ ಕೆಂಪನ್ನು ಕಳೆದುಕೊಳ್ಳುತ್ತಿದ್ದಳಾದರೂ ಇನ್ನೂ ದಂಡೆಗೆ ಸಮವಾಗಿ ಹರಿಯುತ್ತಿದ್ದಳು. ಜಟಕಾ ಹೋಗದ ಕಡೆ ಇಳಿದು ಕೆಸರಿನಲ್ಲಿ ಓಡಿದೆ. ಒಂದು ಚಪ್ಪಲಿ ಅಲ್ಲಿಯೇ ಉಳಿಯಿತು. ಬೇವಿನ ಮರದ ಬುಡದಲ್ಲಿ ಎಪ್ಪತ್ತು ದಾಟಿದ ಒಬ್ಬ ಮುದುಕಿ ಕುಳಿತು, ಹೆಬ್ಬೆರಳು ಗಾತ್ರದ ಬಳ್ಳಿಯನ್ನು ಚೂಪುಗಲ್ಲಿನಿಂದ ಕೊಯ್ಯುತ್ತಿದ್ದಳು. ಕಲ್ಲಿನಿಂದ ಎಂಬುದು ನನ್ನ ಕಣ್ಣಿಗೆ ಬಿತ್ತು. ಆದರೆ ಬುದ್ಧಿಗೆ ಹೊಳೆಯಲಿಲ್ಲ.

ಏದುಸಿರಿನಲ್ಲೇ ಪರಿಚಯ ಹೇಳಿದೆ. ಪಥ್ಯ ಬಿಡಿಸಬೇಕೆಂದು ಬೇಡಿಕೊಳ್ಳುವ ಬದಲು, ಏನು ಹೇಳಲಿ, ಮತ್ತೆ ಭಾಷಣಕ್ಕೆ ತೊಡಗಿದೆ. "ಅಮ್ಮಾ, ಇದು ಹರಿಯೂ ಹರನೂ ಒಂದೇ ಮೈಯಲ್ಲಿ ನೆಲೆಸಿದ ಕ್ಷೇತ್ರ. ಹಾಗಿರುವಾಗ ಬಳ್ಳಿಯೂ ಸೂಜಿಯೂ ಒಬ್ಬ ಮನುಷ್ಯನ ಮೈಯಲ್ಲಿ ಇರಬಾರದೇ?"

ಅವಳು ತಲೆಯೆತ್ತದೆ ಹೇಳಿದಳು: "ಅದು ಕಲ್ಲು ಕಣಪ್ಪಾ. ಕಲ್ಲಿಗೆ ಜ್ವರ ಬರಂಗಿಲ್ಲ."

ನನ್ನ ಜೀವಮಾನದಲ್ಲಿ ಇಷ್ಟು ಚಿಕ್ಕ ಖಂಡನೆಯನ್ನು ಕೇಳಿರಲಿಲ್ಲ. ಅಲಂಕಾರವನ್ನೆಲ್ಲ ಬಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಕಾಲು ಕೆಂಪಗಾಗಿದೆ, ಸೂಜಿ ಹಾಕಿಸಬೇಕು, ಕಬ್ಬಿಣ ತಾಕಬಾರದೆಂದು ನೀವು ಹೇಳಿದ್ದರಿಂದ ಅವನು ಒಪ್ಪುತ್ತಿಲ್ಲ.

ಅವಳ ಕೈಯ ಕಲ್ಲು ನಿಂತಿತು. "ಯಾರಿಗೆ ಕಬ್ಬಿಣ ತಾಕಬಾರ್ದು ಅಂದೆ ನಾನು?"

"ಹನುಮಂತಪ್ಪನಿಗೆ. ಮಂಚ ಹೊರಗೆ ಹಾಕಿದ್ದಾರೆ. ಬೀಗದಕೈ ಬಿಚ್ಚಿಟ್ಟಿದ್ದಾರೆ. ಗಡ್ಡವನ್ನೂ ತೆಗೆಸಿಲ್ಲ."

"ಅಯ್ಯೋ ಹುಚ್ಚಪ್ಪಾ!" ಎಂದು ಅವಳು ಹಣೆ ಬಡಿದುಕೊಂಡಳು. "ನಾನು ಬಳ್ಳಿಗೆ ಹೇಳಿದ್ದು! ಕುಡುಗೋಲಿನಾಗ ಕೊಯ್ದ್ರೆ, ಕಬ್ಬಿಣದ ಒರಳಿನಾಗ ಜಜ್ಜಿದ್ರೆ ರಸ ಕಪ್ಪಾಗಿ ಕೆಡ್ತದೆ, ಅದಕ್ಕೇ ಕಬ್ಬಿಣ ತಾಕಬಾರ್ದು ಅಂದೆ. ಆ ಗಂಡಸಿಗೆ ಯಾಕ ಕಬ್ಬಿಣ ತಾಕಬಾರ್ದು? ಅವನೇನು ಬಳ್ಳಿಯಾ?"

ಓದುಗರೇ, ತಪ್ಪು ಹೇಗೆ ಹುಟ್ಟಿತೆಂದು ಗಮನಿಸಿ. ಅಜ್ಜಿ ಆಡಿದ್ದು ಒಂದು ತುಂಡು ಮಾತು: 'ಕಬ್ಬಿಣ ತಾಕಬಾರ್ದು.' ಯಾವುದಕ್ಕೆ ಎಂಬುದನ್ನು ಹೇಳಲಿಲ್ಲ, ಏಕೆಂದರೆ ಅವಳ ಕಸುಬಿನಲ್ಲಿ ಅದು ಹೇಳಬೇಕಾದ ಮಾತೇ ಅಲ್ಲ. ಕೇಳಿಸಿಕೊಂಡವನ ತಲೆಯಲ್ಲಿ 'ಸೂಜಿಗೆ ತೋಳು ಒಡ್ಡಬೇಡಿ' ಎಂಬ ನನ್ನ ವಾಕ್ಯ ಮೊದಲೇ ಕುಳಿತಿತ್ತು. ಎರಡೂ ಸೇರಿ ಒಂದು ಪಥ್ಯವಾಯಿತು.

"ಕೆಂಪು ಎಲ್ಲಿಗಂಟ ಬಂದೈತೆ?" ಎಂದು ಕೇಳಿದಳು. ನನ್ನ ಕಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. "ನಿನ್ನೆ ಮುಂಜಾನೆ ಪಾದದಾಗಿತ್ತು" ಎಂದು ತಟ್ಟನೆ ಎದ್ದಳು. ಕೊಯ್ದ ಬಳ್ಳಿಯನ್ನು ಅಲ್ಲಿಯೇ ಬಿಟ್ಟಳು.

ಜಟಕಾದಲ್ಲಿ ನನ್ನ ಭಾಷಣದ ಮಾತನ್ನು ಅವಳಿಗೆ ಒಪ್ಪಿಸಿದೆ: ಅಮೃತಬಳ್ಳಿಯ ಮುಂದೆ ರೋಗಾಣು ನಿಲ್ಲಲಾರದು ಎಂದಿದ್ದೆನೆಂದು. ಅವಳು ನನ್ನನ್ನು ಕನಿಕರದಿಂದ ನೋಡಿದಳು.

"ಯಾರು ಹೇಳಿದ್ರು ನಿಮಗೆ? ನನ್ನ ಬಳ್ಳಿ ಯಾವ ಹುಳಾನೂ ಕೊಲ್ಲಂಗಿಲ್ಲ. ಮೈಗೆ ಕಸುವು ಕೊಡ್ತದೆ. ಕಸುವಿದ್ರೆ ಮೈಯೇ ಹೊಡೆದಾಡ್ತದೆ. ಅದೂ ಸಣ್ಣ ಜ್ವರಕ್ಕೆ, ಸಣ್ಣ ಗಾಯಕ್ಕೆ. ಮನೆಗೆ ಕಳ್ಳ ನುಗ್ಗಿದ ಮ್ಯಾಲೆ ಕಾವಲುಗಾರನಿಗೆ ಮುದ್ದೆ ಹಾಕ್ತಾ ಕುಂದ್ರಾಕ ಆಗ್ತದೇನು?"

ಡಾಕ್ಟರು ತಟ್ಟೆಯ ಪ್ರಯೋಗದಿಂದ ಎಲ್ಲಿಗೆ ಬಂದು ನಿಂತಿದ್ದರೋ, ಈ ಮುದುಕಿ ತನ್ನ ದಾರಿಯಿಂದ ಅದೇ ಕಟ್ಟೆಯ ಬಳಿಗೆ ಬಂದು ನಿಂತಿದ್ದಳು. 'ಗೊತ್ತಿಲ್ಲ' ಎಂದು ಅವರು ಹೇಳಿದ್ದರು, 'ಇಷ್ಟಕ್ಕೆ ಮಾತ್ರ' ಎಂದು ಇವಳು ಹೇಳಿದಳು. ಎಲ್ಲ ಗೊತ್ತಿದ್ದವನಂತೆ ಮಾತನಾಡಿದವನು ಈ ವಿಷಯದಲ್ಲಿ ನಾನೊಬ್ಬನೇ. ಅವಳು ತನ್ನ ಮದ್ದಿನ ಬಗ್ಗೆ ಎಂದೂ ಹೇಳಿಕೊಳ್ಳದ್ದನ್ನು ಅವಳ ಪರವಾಗಿ ನಾನು ಹೇಳಿಬಿಟ್ಟಿದ್ದೆ. ಬಿಳಿರಕ್ತಕಣಗಳ ಸಂಗತಿ ತಿಳಿಸಿದಾಗ, "ಕಣ್ಣಾರೆ ನೋಡಿದ್ರಾ?" ಎಂದಳು. ನೋಡಿದೆನೆಂದೆ. "ನನಗೂ ತೋರಿಸ್ಬೇಕು. ಇಷ್ಟು ವರ್ಷ ಮುದ್ದೆ ಹಾಕೀನಿ, ಉಂಡೋರ ಮಾರಿ ಒಂದ್ಸಲ ನೋಡ್ಬ್ಯಾಡ್ವಾ?"

ಮನೆ ಮುಟ್ಟಿದೊಡನೆ ಅಜ್ಜಿ ಕಾಲನ್ನು ನೋಡಿದಳು, ತೊಡೆಸಂದಿನಲ್ಲಿ ಬೆರಳಿಟ್ಟು ಊದಿದ್ದ ಗಂಟನ್ನು ಮುಟ್ಟಿದಳು. ಅವಳ ಮುಖ ಗಟ್ಟಿಯಾಯಿತು. ಸೂರಿಗೆ ಸಿಕ್ಕಿಸಿದ್ದ ಕುಡುಗೋಲನ್ನು ಕಿತ್ತು, ಅದರ ಮೊಂಡು ಬೆನ್ನನ್ನು ಹನುಮಂತಪ್ಪನ ಅಂಗೈಗೆ ಒತ್ತಿದಳು. ಅವನು ಬೆಚ್ಚಿಬಿದ್ದ.

"ಏನ್ ಮಾಡಿದಿ ಅಜ್ಜೀ!"

"ತಗೋ, ಕಬ್ಬಿಣ ತಾಕಿತು. ಸತ್ತೇನು?"

ಅವನು ಅಂಗೈಯನ್ನು ನೋಡಿದ, ಅಜ್ಜಿಯನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ.

"ಪಥ್ಯ ಬಳ್ಳಿಗೆ ಹೇಳಿದ್ದು ಕಣೋ, ನಿನಗಲ್ಲ. ಏಳು. ಸೂಜಿ ಹಾಕಿಸ್ಕಂಬಾ. ನಾನೇ ಬರ್ತೀನಿ ಜೊತೆಗೆ."

"ಹಂಗಾರೆ ಐದು ದಿನದಿಂದ ಗಡ್ಡ ಕೆರಕೊಂಡಿದ್ದು ದಂಡನಾ?" ಎಂದು ಅವನು ಕೇಳಿದಾಗ ಕೆಂಚಮ್ಮ ಅಳುತ್ತಲೇ ನಕ್ಕಳು. ಗೂಟದ ಬೀಗದಕೈ ತೆಗೆದು ಅವನ ಉಡಿದಾರಕ್ಕೆ ಕಟ್ಟಿದಳು. ಬುಡನ್ ಸಾಬರೂ ನಾನೂ ಅವನನ್ನು ಎತ್ತಿ ಜಟಕಾದಲ್ಲಿ ಮಲಗಿಸಿದೆವು. ಜಾಗ ಸಾಲದೆ ನಾನು ಹಿಂದೆ ನಡೆದೆ, ಒಂದು ಚಪ್ಪಲಿಯಲ್ಲಿ; ಸ್ವಲ್ಪ ದೂರದ ಮೇಲೆ ಅದನ್ನೂ ಎಸೆದೆ.

ಆಸ್ಪತ್ರೆಯ ಡಾಕ್ಟರು ಚೀಟಿ ಓದಿ, ಕೂಡಲೇ ಪೆನಿಸಿಲಿನ್ ಕೊಟ್ಟು, ಕೀವಿಗೆ ದಾರಿ ಮಾಡಿದರು. ಇನ್ನೊಂದು ದಿನ ತಡವಾಗಿದ್ದರೆ ಕಾಲು ಮಾತ್ರವಲ್ಲ, ಜೀವವೂ ಉಳಿಯುತ್ತಿರಲಿಲ್ಲ ಎಂದರು. ಈಗಲೂ ಬೆಳಗಿನವರೆಗೆ ಏನೂ ಹೇಳಲಾಗದು ಎಂದೂ ಸೇರಿಸಿದರು. ಅಜ್ಜಿ ಮುಂದೆ ಬಂದು, "ನನ್ನ ರಸ ನಿಲ್ಲಿಸ್ಲೇನ್ರಿ?" ಎಂದು ಕೇಳಿದಳು.

"ಸದ್ಯಕ್ಕೆ ನಿಲ್ಲಿಸಿ ತಾಯಿ. ಏನು ಕೊಡ್ತಿದ್ರಿ ಅಂತ ಹೇಳಿದ್ದು ಒಳ್ಳೇದಾಯ್ತು. ಎಷ್ಟೋ ಜನ ಹೇಳೋದೇ ಇಲ್ಲ" ಎಂದು ಅವರು ಬಳ್ಳಿಯ ಹೆಸರನ್ನು ಕಾಗದದ ಮೇಲೆ ಬರೆದುಕೊಂಡರು. ಅಜ್ಜಿ ಆ ಬರೆಯುವ ಕೈಯನ್ನೇ ನೋಡುತ್ತ ನಿಂತಿದ್ದಳು.

ನಾನು ಊರಿನ ಛತ್ರದಲ್ಲಿ ಉಳಿದೆ. ನಿದ್ದೆ ಬಂತೆಂದು ಹೇಳಲಾರೆ. ಬೆಳಗಾದೊಡನೆ ಆಸ್ಪತ್ರೆಗೆ ಓಡಿದೆ. ಹನುಮಂತಪ್ಪ ಮಲಗಿದ್ದ, ಅವನ ಬದಿಗೆ ಕೆಂಚಮ್ಮ ಕುಳಿತಿದ್ದಳು. ಅವಳು ಹೊದಿಕೆ ಸರಿಸಿದಳು. ಬೆವರಿಗೆ ಅರ್ಧ ಅಳಿಸಿದ ನನ್ನ ಶಾಯಿಯ ಗೆರೆ ಅಲ್ಲಿತ್ತು. ಕೆಂಪು ಅದಕ್ಕಿಂತ ಎರಡು ಬೆರಳು ಕೆಳಗಿತ್ತು.

ಮಂಡಕ್ಕಿಯ ಪೊಟ್ಟಣ ಬಿಚ್ಚಿದೆ. ಮೆತ್ತಗಾಗಿತ್ತು. ನಾವು ಮೂವರೂ ತಿಂದೆವು. ಹೊರಡುವಾಗ ಹನುಮಂತಪ್ಪ ಕಣ್ಣು ಬಿಟ್ಟು, "ಮೇಷ್ಟ್ರೇ, ನೀವು ಭಾಷಣ ಬಿಡಬ್ಯಾಡ್ರಿ. ಆದ್ರೆ ಚೀಟಿ ಎತ್ತಿದ್ದು ಅಂತ ಮೊದಲೇ ಹೇಳಿಬಿಡ್ರಿ" ಎಂದ. ಆ ಚೀಟಿಯ ಸಂಗತಿಯನ್ನು ಹಿಂದಿನ ಸಂಜೆ ಅವನಿಗೆ ಹೇಳಿದ್ದೆ. ಹೇಳದೆ ಇರಲಾಗಲಿಲ್ಲ.

ಮಧ್ಯಾಹ್ನದ ಗಾಡಿಯಲ್ಲಿ ಬರಿಗಾಲಿನಲ್ಲಿ ಹಿಂದಿರುಗಿದೆ. ಸ್ಟೇಷನ್ನಿಗೆ ಹೊರಟಾಗ ಆಸ್ಪತ್ರೆಯ ಬಾಗಿಲಲ್ಲಿ, ರಾತ್ರಿ ಊರಿಗೆ ಹೋಗಿದ್ದ ತಿಪ್ಪಜ್ಜಿ ಬುಡನ್ ಸಾಬರ ಜಟಕಾದಿಂದ ಇಳಿಯುತ್ತಿದ್ದಳು. ಸೆರಗಿನ ಗಂಟಿನಲ್ಲಿ ಬಳ್ಳಿಯಿರಲಿಲ್ಲ, ಮೊಮ್ಮಗಳಿಗೆ ರೊಟ್ಟಿಯಿತ್ತು. ಬರುವ ಭಾನುವಾರ ಅದೇ ವಾಚನಾಲಯದಲ್ಲಿ ಈ ಪ್ರಯಾಣವನ್ನು ಕೂಲಿಗಾರರ ಮುಂದೆ ಹೇಳುವೆನು. ಅಜ್ಜಿಯೂ ಬಂದು ನಮ್ಮ ಡಾಕ್ಟರ ಸೂಕ್ಷ್ಮದರ್ಶಕದಲ್ಲಿ ತಾನು ಉಣಿಸಿದವರನ್ನು ನೋಡುವಳು.

ನಿಮ್ಮಲ್ಲಿ ಒಂದೇ ಬೇಡಿಕೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಗಾಯ ಕೆಂಪಾಗಿ ಊದಿದರೆ, ಕೆಂಪಿನ ಅಂಚಿಗೆ ಶಾಯಿಯ ಗೆರೆ ಎಳೆದು ಅಂದೇ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿ. ಕುಡಿಸುತ್ತಿರುವ ಸೊಪ್ಪಿನ ಹೆಸರನ್ನು ಅವರಿಗೆ ನಾಚದೆ ಹೇಳಿ. ಹೇಳಿದಷ್ಟು ದಿನವೂ ಸೂಜಿ ಹಾಕಿಸಿ.